ಸಿರಿಧಾನ್ಯದ ಬಾರ್: ಗರಿಗರಿಯೋ ಮೆತ್ತನೆಯದೋ, ಯಾವ ಪಾಕ, ಯಾವ ಕಾಳು, ಯಾವ ಕವರ್?

ಸಿರಿಧಾನ್ಯದ ಬಾರ್ ಮಾಡಿ ಮಾರಲು ಹೊರಟವರು ಮೊದಲು ಕೇಳುವುದು "ಯಾವ ಧಾನ್ಯ ಹಾಕೋಣ?" ಎಂದು. ಬಾಳಿಕೆಯ ಲೆಕ್ಕದಲ್ಲಿ ನೋಡಿದರೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ರಾಗಿಯ ಬಾರ್ ಮೂರು ತಿಂಗಳು ಇರುತ್ತದೆಯೇ, ಮೂರು ವಾರವೇ ಎಂಬುದು ರಾಗಿಯ ಕೈಯಲ್ಲಿ ಬಹಳ ಕಡಿಮೆ ಇದೆ. ಪಾಕವನ್ನು ಯಾವ ಹದದಲ್ಲಿ ಇಳಿಸಿದಿರಿ, ಜೊತೆಗೆ ಯಾವ ಎಣ್ಣೆಕಾಳು ಸೇರಿಸಿದಿರಿ, ಎಂಥ ಕವರಿಗೆ ತುಂಬಿದಿರಿ ಎಂಬುದೇ ಹೆಚ್ಚಿನದನ್ನು ತೀರ್ಮಾನಿಸಿಬಿಡುತ್ತದೆ.

ಇನ್ನೊಂದು ಮಾತು. ಸರಿಯಾಗಿ ಮಾಡಿದ ಬಾರ್ ಬೂಸ್ಟು ಹಿಡಿದು ಕೆಡುವುದು ಅಪರೂಪ. ಅದಕ್ಕಿಂತ ಬಹಳ ಮೊದಲೇ ಅದು ತಿನ್ನಲು ಬೇಡವಾಗುತ್ತದೆ: ಮೆತ್ತಗಾಗುತ್ತದೆ, ಕಲ್ಲಾಗುತ್ತದೆ, ಇಲ್ಲವೇ ಕಮಟು ವಾಸನೆ ಬರುತ್ತದೆ. ಹಾಗಾಗಿ ಬಾಳಿಕೆ ಬೇರೆ, ರುಚಿ ಬೇರೆ ಎಂದು ಇಟ್ಟುಕೊಂಡರೆ ಲೆಕ್ಕ ತಪ್ಪುತ್ತದೆ. ಲ್ಯಾಬ್ ವರದಿಯಲ್ಲಿ ಸೂಕ್ಷ್ಮಾಣುಗಳ ಎಣಿಕೆ ಚೆನ್ನಾಗಿದೆ ಎಂದು ಆರು ತಿಂಗಳ ದಿನಾಂಕ ಹಾಕಿ, ಎರಡನೇ ತಿಂಗಳಲ್ಲೇ ಮಾಲು ವಾಪಸ್ ಬರುವುದು ಇದೇ ಕಾರಣಕ್ಕೆ.

ಮೊದಲು ಜಾತಿ ಗೊತ್ತುಮಾಡಿ

ಸಿರಿಧಾನ್ಯದ ಬಾರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಚಿಕ್ಕಿಯಂತೆ ಟಕ್ಕನೆ ಮುರಿಯುವ ಗರಿಗರಿ ಬಾರ್. ಇನ್ನೊಂದು ಖರ್ಜೂರ, ಜೇನು, ಎಳೆ ಪಾಕದಲ್ಲಿ ಕೂಡಿಸಿದ, ಅಗಿದು ತಿನ್ನುವ ಮೆತ್ತನೆಯ ಬಾರ್. ಎರಡೂ ಕೆಡುವ ದಾರಿ ತದ್ವಿರುದ್ಧ. ಗರಿಗರಿ ಬಾರ್ ಹೊರಗಿನ ತೇವ ಹೀರಿ ಮೆತ್ತಗಾಗುತ್ತದೆ. ಮೆತ್ತನೆಯ ಬಾರ್ ಒಳಗಿನ ತೇವ ಕಳೆದುಕೊಂಡು, ಅಥವಾ ಆ ತೇವ ಒಂದು ಪದಾರ್ಥದಿಂದ ಇನ್ನೊಂದಕ್ಕೆ ಹರಿದು, ಗಟ್ಟಿಯಾಗುತ್ತದೆ.

ಇದನ್ನು ಅಳೆಯುವ ಮಾಪನಕ್ಕೆ ವಾಟರ್ ಆ್ಯಕ್ಟಿವಿಟಿ ಎನ್ನುತ್ತಾರೆ. ಪದಾರ್ಥದಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದನ್ನಲ್ಲ, ಅದರಲ್ಲಿ ಎಷ್ಟು ಸಡಿಲವಾಗಿ ಸಿಗುತ್ತದೆ ಎಂಬುದನ್ನು ಅದು 0ಯಿಂದ 1ರವರೆಗಿನ ಅಂಕೆಯಲ್ಲಿ ಹೇಳುತ್ತದೆ. 0.60ಕ್ಕಿಂತ ಕೆಳಗೆ ಯಾವ ಬೂಸ್ಟೂ ಬ್ಯಾಕ್ಟೀರಿಯಾವೂ ಬೆಳೆಯದು. ಸಾಮಾನ್ಯ ಬೂಸ್ಟುಗಳಿಗೆ 0.70ರ ಮೇಲಾದರೂ ಬೇಕು. ಅರಳು, ಅವಲಕ್ಕಿಯ ಗರಿಗರಿ ಹೋಗುವುದು 0.35ರಿಂದ 0.50ರ ನಡುವೆ. ಎಣ್ಣೆ ಗಾಳಿಯೊಡನೆ ಸೇರಿ ಕಮಟುವುದು ಅತಿ ನಿಧಾನವಾಗಿರುವುದು 0.20–0.30ರ ಆಸುಪಾಸಿನಲ್ಲಿ, ಅದಕ್ಕಿಂತ ಒಣಗಿಸಿದರೂ ಕಮಟುವಿಕೆ ಮತ್ತೆ ಚುರುಕಾಗುತ್ತದೆ. "ಇನ್ನಷ್ಟು ಒಣಗಿಸಿದರೆ ಇನ್ನಷ್ಟು ದಿನ" ಎಂಬ ನಂಬಿಕೆ ಶೇಂಗಾ ತುಂಬಿದ ಬಾರಿನಲ್ಲಿ ಕೈಕೊಡುವುದು ಇಲ್ಲೇ. ಗರಿಗರಿ ಬಾರಿಗೆ 0.25–0.35, ಮೆತ್ತನೆಯ ಬಾರಿಗೆ 0.50–0.58 ಗುರಿ ಇಟ್ಟುಕೊಳ್ಳಿ.

ಯಾವುದನ್ನು ಆರಿಸಬೇಕು ಎಂಬುದಕ್ಕೆ ಮಾರುವ ಜಾಗವೇ ಉತ್ತರ. ಮಂಗಳೂರು, ಉಡುಪಿ, ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಶೇ 85–90ರ ಮಟ್ಟದಲ್ಲಿರುತ್ತದೆ. ಅಲ್ಲಿ ಸಾಧಾರಣ ಪ್ಲಾಸ್ಟಿಕ್ ಕವರಿನ ಗರಿಗರಿ ಬಾರ್ ಒಂದು ವಾರವೂ ನಿಲ್ಲದು; ಒಳ್ಳೆಯ ಕವರಿಗೆ ದುಡ್ಡು ಹಾಕಲು ಆಗದಿದ್ದರೆ ಮಳೆಗಾಲಕ್ಕೆ ಮೆತ್ತನೆಯ ಬಾರೇ ವಾಸಿ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಇದು ತಿರುಗುಮುರುಗು. ಗಾಳಿ ಒಣಗಿರುತ್ತದೆ, ಬಿಸಿಲು 40 ಡಿಗ್ರಿ ದಾಟುತ್ತದೆ. ಚಿಕ್ಕಿ ಮಾದರಿಯದು ಆರಾಮಾಗಿ ಇರುತ್ತದೆ. ಖರ್ಜೂರದ ಬಾರ್ ಒಣಗಿ ಚರ್ಮವಾಗುತ್ತದೆ. ಚಾಕೊಲೇಟ್ ಮೆತ್ತಿದ್ದಂತೂ ಕವರಿಗೇ ಅಂಟುತ್ತದೆ. ಕೋಕೋ ಬೆಣ್ಣೆ ಕರಗುವುದು 32–35 ಡಿಗ್ರಿಯಲ್ಲಿ. ಕರಗಿ ಮತ್ತೆ ಹೆಪ್ಪುಗಟ್ಟಿದಾಗ ಮೇಲೆ ಬರುವ ಬಿಳಿ ಪೊರೆ ಬೂಸ್ಟಲ್ಲ, ಕೊಬ್ಬು. ಆದರೆ ಗಿರಾಕಿಗೆ ಅದನ್ನು ವಿವರಿಸಿ ಗೆದ್ದವರಿಲ್ಲ.

ಪಾಕ: ಬೆಲ್ಲ, ಲಿಕ್ವಿಡ್ ಗ್ಲೂಕೋಸ್, ಜೇನು, ಖರ್ಜೂರ

ಬೆಲ್ಲದಲ್ಲಿ ಸಾಮಾನ್ಯವಾಗಿ ಶೇ 65–85 ಸುಕ್ರೋಸ್ (ನಾವು ಬಳಸುವ ಸಾಮಾನ್ಯ ಸಕ್ಕರೆ), ಶೇ 10–15 ಗ್ಲೂಕೋಸ್ ಮತ್ತು ಫ್ರಕ್ಟೋಸ್, ಉಳಿದದ್ದು ನೀರು ಮತ್ತು ಖನಿಜ. ಗ್ಲೂಕೋಸ್, ಫ್ರಕ್ಟೋಸ್ ಪಾಲು ಹೆಚ್ಚಿದಷ್ಟೂ ಬೆಲ್ಲ ತೇವ ಎಳೆಯುತ್ತದೆ. ಹಳೆಯ, ಹುಳಿ ತಿರುಗಿದ, ಒತ್ತಿದರೆ ಬೆರಳಿಗೆ ಹತ್ತುವ ಬೆಲ್ಲದಲ್ಲಿ ಇದು ಜಾಸ್ತಿ. ಗರಿಗರಿ ಬಾರಿಗೆ ಬೇಕಾದ್ದು ಗಟ್ಟಿಯಾದ, ಒಡೆದರೆ ಹರಳು ಕಾಣುವ, ಹುಳಿಯಿಲ್ಲದ ಬೆಲ್ಲ. ಮಂಡ್ಯದ್ದಾಗಲಿ ಮಹಾಲಿಂಗಪುರದ್ದಾಗಲಿ, ಊರಿನ ಹೆಸರಿಗಿಂತ ಈ ಪರೀಕ್ಷೆ ಮುಖ್ಯ. ಕರಗಿಸಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸದೆ ಮುಂದುವರಿಯಬೇಡಿ. ಕಸ, ಮರಳು ಬಾರಿನಲ್ಲಿ ಉಳಿದರೆ ಹಲ್ಲಿಗೆ ಮೊದಲು ಸಿಗುವುದೇ ಅದು.

ಪಾಕದ ಹದವನ್ನು ತಣ್ಣೀರಿನ ಬಟ್ಟಲಲ್ಲಿ ನೋಡುವ ರೂಢಿ ಸರಿಯೇ. ಆದರೆ ದಿನವೂ ಒಂದೇ ಥರ ಬರಬೇಕಾದರೆ ಕಡ್ಡಿ ಥರ್ಮಾಮೀಟರ್ ಬೇಕು. ಮೆತ್ತನೆ ಉಂಡೆ ಪಾಕ 112–116 ಡಿಗ್ರಿ, ನೀರು ಸುಮಾರು ಶೇ 15. ಗಟ್ಟಿ ಉಂಡೆ 121–130. ಟಕ್ಕನೆ ಮುರಿಯುವ ಹದ 140ರ ಮೇಲೆ, ನೀರು ಶೇ 5ಕ್ಕಿಂತ ಕೆಳಗೆ. ಬೆಲ್ಲ 150 ದಾಟಿದರೆ ಸೀದು ಕಹಿಯಾಗುತ್ತದೆ. ಇವೆಲ್ಲ ಸಮುದ್ರಮಟ್ಟದ ಅಂಕೆಗಳು. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಪುಸ್ತಕದ ಅಂಕೆಯಿಂದ 3 ಡಿಗ್ರಿ ಕಳೆದು ಇಳಿಸಿ, ಮಡಿಕೇರಿಯಲ್ಲಾದರೆ 4. ಮಂಗಳೂರಿನ ಅಳತೆಯನ್ನು ಹಾಗೇ ಬೆಂಗಳೂರಿಗೆ ತಂದರೆ ಪಾಕ ಮಿತಿಮೀರಿ ಬಾರ್ ಹಲ್ಲು ಮುರಿಯುವಷ್ಟು ಗಟ್ಟಿ ಬರುತ್ತದೆ. ಥರ್ಮಾಮೀಟರನ್ನು ಆಗಾಗ ಕುದಿಯುವ ನೀರಿನಲ್ಲಿ ಅದ್ದಿ ನೋಡಿದರೆ ನಿಮ್ಮ ಊರಿನ ತಿದ್ದುಪಡಿ ತಾನಾಗಿ ಸಿಗುತ್ತದೆ.

ಪಾಕಕ್ಕೆ ನಿಂಬೆಹುಳಿ ಹಿಂಡುವ ಅಭ್ಯಾಸ ಗರಿಗರಿ ಬಾರಿಗೆ ಒಳ್ಳೆಯದಲ್ಲ. ಹುಳಿ ಸುಕ್ರೋಸನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಹರಳುಗಟ್ಟುವುದು ತಪ್ಪುತ್ತದೆ ನಿಜ, ಆದರೆ ಮಳೆಗಾಲದಲ್ಲಿ ಬಾರ್ ಜಿಗುಟಾಗುತ್ತದೆ. ಹರಳು ತಪ್ಪಿಸಬೇಕಿದ್ದರೆ ಬೆಲ್ಲದ ತೂಕದ ಶೇ 10–15ರಷ್ಟು ಲಿಕ್ವಿಡ್ ಗ್ಲೂಕೋಸ್ (ಪಿಷ್ಟದಿಂದ ಮಾಡಿದ ಮಂದ ಪಾಕ, ಗ್ಲೂಕೋಸ್ ಸಿರಪ್ ಎಂದೂ ಹೆಸರು) ಹಾಕಿ. ಅದರಲ್ಲಿರುವ ಸಕ್ಕರೆಯ ಉದ್ದ ಸರಪಣಿಗಳು ಪಾಕವನ್ನು ಹರಳುಗಟ್ಟದ, ಗಾಜಿನಂಥ ಸ್ಥಿತಿಯಲ್ಲೇ ಹಿಡಿದಿಡುತ್ತವೆ, ಸಿಹಿಯೂ ಕಡಿಮೆ. ಕಾಲು ಭಾಗ ದಾಟಿದರೆ ಮಾತ್ರ ಬಾರ್ ಮುರಿಯುವ ಬದಲು ಹಲ್ಲಿಗೆ ಅಂಟುತ್ತದೆ. "ಗ್ಲೂಕೋಸ್ ಸಿರಪ್ ಇಲ್ಲ" ಎಂದು ಮುಂಬದಿಯಲ್ಲಿ ಹೆಮ್ಮೆಯಿಂದ ಬರೆಯುವವರೂ ಇದ್ದಾರೆ. ದೇಹಕ್ಕೆ ಬೆಲ್ಲವೂ ಸಕ್ಕರೆಯೇ, ಖರ್ಜೂರದಲ್ಲಿರುವುದೂ ಸಕ್ಕರೆಯೇ. ಬಾರಿನ ಮೈಕಟ್ಟಿಗೆ ಮಾತ್ರ ಇವುಗಳ ವ್ಯತ್ಯಾಸ ದೊಡ್ಡದು.

ಚಿಟಿಕೆ ಅಡುಗೆ ಸೋಡಾ ಪಾಕವನ್ನು ನೊರೆಗಟ್ಟಿಸಿ ಬಾರನ್ನು ಹಗುರ ಮಾಡುತ್ತದೆ. ಸಜ್ಜೆಯ ಬಾರಿಗೆ ಮಾತ್ರ ಬೇಡ. ಸಜ್ಜೆಯಲ್ಲಿರುವ ಬಣ್ಣದ ಅಂಶಗಳು ಕ್ಷಾರಕ್ಕೆ ಹಳದಿ ಹಸಿರಾಗುತ್ತವೆ, ತಾಜಾ ಬಾರೇ ಹಳಸಿದಂತೆ ಕಾಣುತ್ತದೆ.

ಜೇನಿನಲ್ಲಿ ಶೇ 20ರವರೆಗೂ ನೀರಿರುತ್ತದೆ, ಫ್ರಕ್ಟೋಸ್ ಹೆಚ್ಚು. ಅದರಿಂದ ಗರಿಗರಿ ಬಾರ್ ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ. ಮೆತ್ತನೆಯ ಬಾರಿಗೆ ಅದು ಒಳ್ಳೆಯ ಜೊತೆ: ಒಣಗಲು ಬಿಡುವುದಿಲ್ಲ. ಖರ್ಜೂರದ ಪೇಸ್ಟ್ ರುಚಿಯಲ್ಲಿ ಎಲ್ಲಕ್ಕೂ ಮೇಲು, ನಂಬಿಕೆಯಲ್ಲಿ ಎಲ್ಲಕ್ಕೂ ಕೆಳಗೆ. ಒಂದು ಪೆಟ್ಟಿಗೆಯ ಖರ್ಜೂರ ಒಣಗಿರುತ್ತದೆ, ಮುಂದಿನದು ರಸ ಸುರಿಸುತ್ತದೆ, ಬಾರಿನ ವಾಟರ್ ಆ್ಯಕ್ಟಿವಿಟಿ 0.55ರಿಂದ 0.68ಕ್ಕೆ ಜಿಗಿದರೂ ಕಣ್ಣಿಗೆ ಗೊತ್ತಾಗದು. ರುಬ್ಬುವಾಗ ನೀರು ಹಾಕಲೇಬೇಡಿ. ತೀರಾ ಮೆತ್ತಗಿದ್ದರೆ ಉತ್ತುತ್ತೆಯನ್ನು ಪುಡಿಮಾಡಿ ಶೇ 10–20 ಸೇರಿಸಿ, ಇಲ್ಲವೇ ಪೇಸ್ಟನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತಿರುವಿ ನೀರಿಳಿಸಿ.

ಹೋಲಿಸಿ ನೋಡಲು ಎರಡು ಅಳತೆ. ಗರಿಗರಿ ಬಾರ್: ರಾಗಿ ಅಥವಾ ಜೋಳದ ಅರಳು 300 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ 200, ಹುರಿದ ಎಳ್ಳು 50, ಬೆಲ್ಲ 350, ಲಿಕ್ವಿಡ್ ಗ್ಲೂಕೋಸ್ 50, ತುಪ್ಪ 15, ಉಪ್ಪು 3, ಬೆಲ್ಲ ಕರಗಿಸಲು ನೀರು 80. ಮೆತ್ತನೆಯದು: ನವಣೆ ಅಥವಾ ಜೋಳದ ಅವಲಕ್ಕಿ 350 ಗ್ರಾಂ, ಖರ್ಜೂರದ ಪೇಸ್ಟ್ 250, ಜೇನು 80, ಬೆಲ್ಲ 80, ಗೋಡಂಬಿ ಅಥವಾ ಶೇಂಗಾ 150, ಎಳ್ಳು 50, ತುಪ್ಪ 30, ಉಪ್ಪು 3. ಎರಡರಲ್ಲೂ ಸುಮಾರು 30 ಗ್ರಾಮಿನ 30 ಬಾರ್ ಆಗುತ್ತವೆ, ಚೂರುಪಾರು ಕಳೆದು.

ಇಲ್ಲಿ ಹೆಚ್ಚು ಜನ ಎಡವುವುದು ಪಾಕದಲ್ಲಲ್ಲ, ಅರಳಿನಲ್ಲಿ. ಅಂಗಡಿಯಿಂದ ತಂದ ಅರಳು, ಅವಲಕ್ಕಿ ಆಗಲೇ ಶೇ 8–10 ತೇವ ಕುಡಿದಿರುತ್ತದೆ. ಅದನ್ನು ನೇರವಾಗಿ ಪಾಕಕ್ಕೆ ಸುರಿದರೆ ಆ ತೇವವೆಲ್ಲ ಪಾಕಕ್ಕೆ ಇಳಿಯುತ್ತದೆ. ಬೆಳಗ್ಗೆ ಗರಿಗರಿ ಇದ್ದದ್ದು ಸಂಜೆಗೆ ಮೆತ್ತಗೆ. 120–130 ಡಿಗ್ರಿಯಲ್ಲಿ 8–10 ನಿಮಿಷ ಮತ್ತೆ ಬಿಸಿಮಾಡಿ, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಚಪ್ಪಟೆಯಾಗಬಾರದು. ಬಿಸಿಯಾಗಿರುವಾಗಲೇ ಪಾಕಕ್ಕೆ ಸೇರಿಸಿ. ತಣ್ಣಗಿನ ಅರಳು ಹಾಕಿದರೆ ಪಾಕ ಅರ್ಧದಲ್ಲೇ ಗಟ್ಟಿಯಾಗಿ ಕೆಲವು ಕಡೆ ಉಂಡೆ, ಕೆಲವು ಕಡೆ ಒಣ ಅರಳು ಉಳಿಯುತ್ತದೆ. ತಟ್ಟೆಗೆ ಸುರಿದು 10–12 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಬೆಚ್ಚಗಿರುವಾಗಲೇ ಕತ್ತರಿಸಿ. ತಣ್ಣಗಾದ ಮೇಲೆ ಚಾಕು ಹಾಕಿದರೆ ಅಂಚು ಉದುರುತ್ತದೆ.

ಧಾನ್ಯ

ಧಾನ್ಯಗಳ ನಡುವೆ ಬಾಳಿಕೆಯ ವ್ಯತ್ಯಾಸ ತರುವುದು ಅವುಗಳ ಕೊಬ್ಬು. ಜೋಳ, ರಾಗಿಯಲ್ಲಿ ಸುಮಾರು ಶೇ 2ರೊಳಗೆ. ಸಾಮೆ, ನವಣೆಯಲ್ಲಿ ಶೇ 4ರ ಹತ್ತಿರ. ಸಜ್ಜೆಯಲ್ಲಿ ಶೇ 5ರ ಮೇಲೆ. ಹಾರಕ, ಊದಲು ನಡುವಿನವು.

ಸಜ್ಜೆ ಹಿಟ್ಟು ಬೀಸಿಸಿದ ವಾರದಲ್ಲೇ ಕಹಿಯಾಗುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಅಲ್ಲಿ ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ. ಕಾಳಿನ ಮೊಳಕೆ ಭಾಗ ಮತ್ತು ತೌಡಿನಲ್ಲಿರುವ ಲೈಪೇಸ್ ಎಂಬ ಕಿಣ್ವ, ಬೀಸಿದ ಕೂಡಲೇ ಕೊಬ್ಬನ್ನು ಒಡೆಯತೊಡಗುತ್ತದೆ. ಬಿಡುಗಡೆಯಾದ ಕೊಬ್ಬಿನ ಆಮ್ಲಗಳೇ ಆ ಕಹಿಗೆ ಮೂಲ. ಕಾಳನ್ನು ಬೀಸುವ ಮೊದಲು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು ಚೆನ್ನಾಗಿ ಒಣಗಿಸಿದರೆ ಕಿಣ್ವದ ಆಟ ಬಹುಪಾಲು ನಿಲ್ಲುತ್ತದೆ. ಅರಳು ಹುರಿಯುವ ಬಿಸಿಗೂ ಅದು ಉಳಿಯುವುದಿಲ್ಲ.

ಆದರೆ ಅರಳಿಸಿದರೆ ಸಜ್ಜೆಯ ಚಿಂತೆ ತೀರಿತು ಎಂದುಕೊಳ್ಳುವುದು ಅವಸರ. ಕಮಟಿಗೆ ಎರಡು ದಾರಿ: ಒಂದು ಕಿಣ್ವದ್ದು, ಇನ್ನೊಂದು ಗಾಳಿಯದ್ದು. ಅರಳಿಸಿದಾಗ ಮೊದಲನೆಯದು ಮುಚ್ಚುತ್ತದೆ, ಎರಡನೆಯದು ಅಗಲವಾಗಿ ತೆರೆಯುತ್ತದೆ. ಅರಳಿನ ಒಳಗೆಲ್ಲ ತೂತು, ಎಣ್ಣೆ ತೆಳುವಾಗಿ ಹರಡಿ ಆಮ್ಲಜನಕಕ್ಕೆ ಮೈಯೊಡ್ಡಿರುತ್ತದೆ. ಸಜ್ಜೆ ಅರಳಿನ ಬಾರ್ ಮಾಡುವುದಾದರೆ ಆಮ್ಲಜನಕ ತಡೆಯುವ ಕವರಿಗೆ ದುಡ್ಡು ಎತ್ತಿಡಿ. ಇಲ್ಲವಾದರೆ ಸಜ್ಜೆಯ ಪಾಲನ್ನು ಧಾನ್ಯದ ಕಾಲು ಭಾಗಕ್ಕೆ ಇಳಿಸಿ ಉಳಿದದ್ದಕ್ಕೆ ಜೋಳ ಹಾಕಿ.

ಮೊದಲ ಬಾರಿಗೆ ಮಾಡುವವರಿಗೆ ನಮ್ಮ ಆಯ್ಕೆ ಜೋಳದ ಅರಳು. ನಾಗರಪಂಚಮಿಗೆ ಅಳ್ಳು ಹುರಿಯುವ ಊರುಗಳಲ್ಲಿ ಒಳ್ಳೆಯ ಅರಳಿನ ತಳಿ ಯಾವುದೆಂದು ಹೇಳುವವರು ಈಗಲೂ ಸಿಗುತ್ತಾರೆ. ಕೊಬ್ಬು ಕಡಿಮೆ, ಬಣ್ಣ ಬಿಳಿ, ಅರಳು ದೊಡ್ಡದು, ರುಚಿ ತಟಸ್ಥ; ಬೆಲ್ಲ, ಏಲಕ್ಕಿ, ಶುಂಠಿ ಯಾವುದು ಹಾಕಿದರೂ ಮುಂದೆ ಬರುತ್ತದೆ. ತೊಂದರೆ ಒಂದೇ, ಅರಳದೆ ಉಳಿದ ಕಾಳು. ಜರಡಿ ಹಿಡಿಯದೆ ಬಳಸಿದರೆ ದೂರು ಖಚಿತ.

ರಾಗಿಯ ಅರಳಿಗೆ ಕಾಳನ್ನು ಶೇ 18–20 ತೇವಕ್ಕೆ ತಂದು ಕೆಲವು ಗಂಟೆ ಮುಚ್ಚಿಟ್ಟು, 220–250 ಡಿಗ್ರಿಯ ಮರಳಿನಲ್ಲಿ ಕೆಲವೇ ಸೆಕೆಂಡು ಹುರಿಯುತ್ತಾರೆ. ಹುರಿಹಿಟ್ಟಿನ ಘಮ ಇರುವುದು ಇಲ್ಲೇ, ಮರಳಿನ ಭಯ ಇರುವುದೂ ಇಲ್ಲೇ. ಕೊಳ್ಳುವ ಮೊದಲು ಒಂದು ಹಿಡಿ ಅರಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ. ಮರಳಿದ್ದರೆ ತಳಕ್ಕೆ ಕೂರುತ್ತದೆ. ರಾಗಿಯ ಹೊಟ್ಟಿನಲ್ಲಿರುವ ಪಾಲಿಫಿನಾಲ್‌ಗಳು ಕಮಟು ತಡೆಯಲು ಕೊಂಚ ನೆರವಾಗುತ್ತವೆ, ಅದೇ ಹೊಟ್ಟು ಬಾಯಲ್ಲಿ ತುಸು ಒಗರು ಬಿಡುತ್ತದೆ. ಸಣ್ಣ ಅರಳು ಹಲ್ಲಿನ ಸಂದಿಗೆ ಸಿಕ್ಕುವುದೂ ಇದೆ. ರಾಗಿ ಮಾಲ್ಟ್ ಹಿಟ್ಟು ಸುವಾಸನೆಗೆ ಚೆನ್ನ, ಆದರೆ ಮೊಳಕೆ ಬರಿಸಿದಾಗ ಸಕ್ಕರೆ ಹೆಚ್ಚಿ ತೇವ ಎಳೆಯುವ ಗುಣವೂ ಹೆಚ್ಚುತ್ತದೆ; ಧಾನ್ಯದ ಶೇ 10 ಸಾಕು. ಮೊಳಕೆಯ ಬೇರನ್ನು ಉಜ್ಜಿ ತೆಗೆದ ಮಾಲ್ಟ್ ಆಗಿರಲಿ, ಬೇರು ಉಳಿದರೆ ಕಹಿ.

ನವಣೆ, ಸಾಮೆಯಲ್ಲಿ ಪಾಲಿಶ್ ಮಾಡದ ಅಕ್ಕಿ ಆರೋಗ್ಯದ ಮಾತಿಗೆ ಚೆಂದ, ತೌಡಿನ ಎಣ್ಣೆಯಿಂದಾಗಿ ಬಾಳಿಕೆಗೆ ಕಷ್ಟ. ಹೊಸದಾಗಿ ಹೊಟ್ಟು ಬಿಡಿಸಿದ ಅಕ್ಕಿಯಿಂದ ಅವಲಕ್ಕಿ ಮಾಡಿಸಿ, ತಂದ ತಿಂಗಳಲ್ಲೇ ಮುಗಿಸಿ. ಬರಗು, ಕೊರಲೆಗಳ ಆಯ್ಕೆ ಹೆಚ್ಚಾಗಿ ಸಿಗುವಿಕೆ ಮತ್ತು ಬೆಲೆಯ ಪ್ರಶ್ನೆ.

ಬಾರನ್ನು ನಿಜಕ್ಕೂ ಕೆಡಿಸುವ ಕಾಳುಗಳು

300 ಗ್ರಾಂ ಜೋಳದ ಅರಳಿನಲ್ಲಿರುವ ಕೊಬ್ಬು 6 ಗ್ರಾಮಿನ ಸುತ್ತಮುತ್ತ. 200 ಗ್ರಾಂ ಶೇಂಗಾದಲ್ಲಿ ಅದು 90ಕ್ಕೂ ಹೆಚ್ಚು. ಕಮಟು ಎಲ್ಲಿಂದ ಬರುತ್ತದೆ ಎಂದು ಹುಡುಕಬೇಕಾದ್ದಿಲ್ಲ.

ಶೇಂಗಾವನ್ನು 150–160 ಡಿಗ್ರಿಯಲ್ಲಿ 15–20 ನಿಮಿಷ ಹುರಿದ ಗಳಿಗೆಯಿಂದಲೇ ಅದರ ಗಡಿಯಾರ ಓಡುತ್ತದೆ. ಹುರಿದದ್ದನ್ನು ಡಬ್ಬದಲ್ಲಿ ಇಟ್ಟು ಎರಡು ವಾರದ ಮೇಲೆ ಬಾರಿಗೆ ಹಾಕಿದರೆ, ಆ ಎರಡು ವಾರವನ್ನು ಬಾರಿನ ಆಯುಸ್ಸಿನಿಂದಲೇ ಕಳೆಯಬೇಕು. ಪುಡಿಮಾಡಿದರೆ ಇನ್ನೂ ಬೇಗ, ಹೋಳಾಗಿಯೇ ಹಾಕಿ. ಸಾಮಾನ್ಯ ಶೇಂಗಾದ ಎಣ್ಣೆಯಲ್ಲಿ ಓಲಿಕ್ ಆಮ್ಲ ಅರ್ಧದ ಆಸುಪಾಸು ಇದ್ದರೆ, ಗಿರ್ನಾರ್ 4, ಗಿರ್ನಾರ್ 5 ತಳಿಗಳಲ್ಲಿ ಅದು ಶೇ 80ರ ಹತ್ತಿರ. ಅಂಥ ಕಾಳು ಕಮಟಲು ಬಹಳ ಹೆಚ್ಚು ಸಮಯ ಹಿಡಿಯುತ್ತದೆ. ಸಿಕ್ಕರೆ ಬೆಲೆ ಸ್ವಲ್ಪ ಹೆಚ್ಚಾದರೂ ಬಿಡಬೇಡಿ. ಸುಕ್ಕಿದ, ಬಣ್ಣಗೆಟ್ಟ, ಬೂಸ್ಟಿನ ಕಾಳನ್ನು ಕೈಯಲ್ಲೇ ಆರಿಸಿ ತೆಗೆಯಬೇಕು, ಬೂಸ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಎಳ್ಳು ಇದಕ್ಕೆ ಉಲ್ಟಾ. ಅದರಲ್ಲಿರುವ ಸೆಸಮಿನ್, ಹುರಿದಾಗ ಹೆಚ್ಚುವ ಸೆಸಮಾಲ್ ಅದರ ಎಣ್ಣೆಯನ್ನು ಕಾಯುತ್ತವೆ. ಶೇಂಗಾದ ಕಾಲು ಭಾಗಕ್ಕೆ ಎಳ್ಳು ಬದಲಿಸುವುದು ಕಮಟಿಗೆ ಅತಿ ಅಗ್ಗದ ಮದ್ದು. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಒಮೆಗಾ 3, ಅಂದರೆ ಗಾಳಿಗೆ ಅತಿ ಸೂಕ್ಷ್ಮ. ಇಡೀ ಕಾಳಾಗಿ ಹಾಕಿದರೆ ಸಿಪ್ಪೆ ಕಾಯುತ್ತದೆ; ಪುಡಿ ಹಾಕಿದರೆ ಎರಡು ಮೂರು ವಾರದಲ್ಲೇ ಪೇಂಟ್ ಡಬ್ಬಿ ತೆಗೆದ ವಾಸನೆ. ಒಣ ಕೊಬ್ಬರಿಯ ಕೊಬ್ಬು ಗಾಳಿಗೆ ಹೆದರುವುದಿಲ್ಲ, ತೇವಕ್ಕೆ ಹೆದರುತ್ತದೆ: ತೇವ ಸಿಕ್ಕರೆ ಲಾರಿಕ್ ಆಮ್ಲ ಬಿಡಿಸಿಕೊಂಡು ಸೋಪಿನ ರುಚಿ ಬರುತ್ತದೆ. ಆದ್ದರಿಂದ ಕೊಬ್ಬರಿ ಗರಿಗರಿ ಬಾರಿಗೆ ಸೈ, ಖರ್ಜೂರದ ಬಾರಿಗೆ ಅನುಮಾನ. ಎಣ್ಣೆ ಬೇಡವೇ ಬೇಡ ಎನ್ನುವವರಿಗೆ ಹುರಿಗಡಲೆ ಇದೆ, ಬಾರ್ ಸ್ವಲ್ಪ ಒಣಕಲು ಎನಿಸುತ್ತದೆ ಅಷ್ಟೆ.

ದ್ರಾಕ್ಷಿ, ಕ್ರ್ಯಾನ್‌ಬೆರಿಯಂಥವನ್ನು ಗರಿಗರಿ ಬಾರಿಗೆ ಹಾಕಬೇಡಿ. ಅವುಗಳ ವಾಟರ್ ಆ್ಯಕ್ಟಿವಿಟಿ 0.5ರ ಮೇಲೆ, ಅರಳಿನದು 0.3. ಕವರ್ ಎಷ್ಟೇ ಗಟ್ಟಿಯಿದ್ದರೂ ಒಳಗೊಳಗೇ ನೀರು ಹರಿದು ದ್ರಾಕ್ಷಿ ಕಲ್ಲಾಗುತ್ತದೆ, ಅರಳು ಮೆತ್ತಗಾಗುತ್ತದೆ, ಎರಡೂ ಕೆಟ್ಟಂತೆ.

ಪಾತ್ರೆಯ ವಿಷಯ: ತಾಮ್ರ, ಕಬ್ಬಿಣ ಎರಡೂ ಎಣ್ಣೆಯ ಕಮಟನ್ನು ಚುರುಕುಗೊಳಿಸುತ್ತವೆ. ಪಾಕಕ್ಕೆ ದಪ್ಪ ತಳದ ಸ್ಟೀಲ್ ಪಾತ್ರೆ ಬಳಸಿ.

ಕವರ್: ಲೆಕ್ಕ ಹಾಕಿ ಕೊಳ್ಳಿ

ಒಂದು ಚದರ ಮೀಟರ್ ಹಾಳೆಯ ಮೂಲಕ 38 ಡಿಗ್ರಿ, ಶೇ 90 ತೇವಾಂಶದಲ್ಲಿ ದಿನಕ್ಕೆ ದಾಟುವ ನೀರಾವಿ ಸುಮಾರಾಗಿ ಹೀಗಿರುತ್ತದೆ.

| ಹಾಳೆ | ನೀರಾವಿ, ಗ್ರಾಂ | ಆಮ್ಲಜನಕಕ್ಕೆ ತಡೆ |
|---|---|---|
| ಎಲ್‌ಡಿಪಿಇ (ಸಾಧಾರಣ ಪಾಲಿಥೀನ್), 25 ಮೈಕ್ರಾನ್ | 15–20 | ಇಲ್ಲವೆನ್ನಬಹುದು |
| ಬಿಒಪಿಪಿ (ಹಿಗ್ಗಿಸಿದ ಪಾಲಿಪ್ರೊಪಿಲೀನ್), 25 ಮೈಕ್ರಾನ್ | 5–7 | ಕಡಿಮೆ |
| ಮೆಟಲೈಸ್ಡ್ ಪೆಟ್ (ಲೋಹದ ತೆಳು ಲೇಪವಿರುವ ಪಾಲಿಯೆಸ್ಟರ್) ಮತ್ತು ಪಾಲಿ (ಪಾಲಿಥೀನ್) ಅಂಟಿಸಿದ ಲ್ಯಾಮಿನೇಟ್ | 1ರ ಸುತ್ತ | ಚೆನ್ನಾಗಿದೆ |
| ಪೆಟ್, ಅಲ್ಯೂಮಿನಿಯಂ ಫಾಯಿಲ್, ಪಾಲಿ | 0.1ಕ್ಕಿಂತ ಕಡಿಮೆ | ಬಹುತೇಕ ಪೂರ್ತಿ |

30 ಗ್ರಾಮಿನ ಬಾರಿಗೆ 15 × 6 ಸೆಂ.ಮೀ. ಕವರ್ ಎಂದರೆ ಎರಡೂ ಬದಿ ಸೇರಿ 0.018 ಚದರ ಮೀಟರ್. ಬಾರಿನ ತೇವ ಶೇ 3ರಿಂದ ಶೇ 5ಕ್ಕೆ ಏರಿದರೆ ಗರಿಗರಿ ಮುಗಿಯಿತು ಎಂದುಕೊಳ್ಳಿ. ಅದಕ್ಕೆ ಬೇಕಾದ್ದು ಬರೀ 0.6 ಗ್ರಾಂ ನೀರು. ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಅಷ್ಟೇ ಇದ್ದರೂ ಉಷ್ಣತೆ 28 ಡಿಗ್ರಿಯ ಆಸುಪಾಸು, ಹಾಗಾಗಿ ಕೋಷ್ಟಕದ ಅಂಕೆಯ ಐದರಲ್ಲಿ ಎರಡು ಪಾಲು ಹಿಡಿಯೋಣ. ಎಲ್‌ಡಿಪಿಇಯಲ್ಲಿ ದಿನಕ್ಕೆ 0.13 ಗ್ರಾಂ, ನಾಲ್ಕೈದು ದಿನದ ಬಾಳು. ಬಿಒಪಿಪಿಯಲ್ಲಿ ಎರಡು ವಾರ. ಮೆಟಲೈಸ್ಡ್ ಲ್ಯಾಮಿನೇಟಿನಲ್ಲಿ ಸುಮಾರು 80 ದಿನ. ಫಾಯಿಲ್‌ನಲ್ಲಿ ನೀರಿನ ಚಿಂತೆಯೇ ಇಲ್ಲ, ಅಲ್ಲಿ ಕಮಟೇ ಮೊದಲು ಬರುತ್ತದೆ. ನಿಜದಲ್ಲಿ ಬಾರ್ ತೇವ ಹೀರಿದಂತೆಲ್ಲ ಹೀರುವ ವೇಗ ಇಳಿಯುತ್ತದೆ, ಹಾಗಾಗಿ ಈ ಲೆಕ್ಕ ತುಸು ಬಿಗಿಯಾದದ್ದು, ಬಿಗಿಯಾಗಿರುವುದೇ ಒಳ್ಳೆಯದು.

ಕಿಟಕಿಯಿರುವ ಕಂದು ಕಾಗದದ ಚೀಲ ಸಿರಿಧಾನ್ಯದ ಮಾಲಿಗೆ ಒಪ್ಪುವಂತೆ ಕಾಣುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಒಳಪದರ ಬರೀ ಪಾಲಿ ಆಗಿದ್ದರೆ ಅದರ ಬೆಲೆ ಮೇಲಿನ ಮೊದಲ ಸಾಲಿನಷ್ಟೇ. ಕಿಟಕಿಯಿಂದ ಬೆಳಕು ಬಿದ್ದು ಶೇಂಗಾ ಇನ್ನೂ ಬೇಗ ಕಮಟುತ್ತದೆ. ಕಾಗದ ಬೇಕೇಬೇಕಿದ್ದರೆ ಒಂದೊಂದು ಬಾರನ್ನೂ ಮೆಟಲೈಸ್ಡ್ ಕವರಿನಲ್ಲಿಟ್ಟು ಹೊರಗೆ ಕಾಗದದ ಪೆಟ್ಟಿಗೆ ಮಾಡಿ.

ನೈಟ್ರೋಜನ್ ತುಂಬಿದರೆ ಒಳಗಿನ ಆಮ್ಲಜನಕ ಶೇ 2ಕ್ಕಿಂತ ಕೆಳಗಿಳಿಯಬೇಕು. ಎಲ್‌ಡಿಪಿಇ ಕವರಿಗೆ ನೈಟ್ರೋಜನ್ ತುಂಬುವುದು ದುಡ್ಡು ದಂಡ. ಕಬ್ಬಿಣದ ಪುಡಿಯ ಆಮ್ಲಜನಕ ಹೀರುವ ಪೊಟ್ಟಣಗಳಲ್ಲಿ ಕೆಲವಕ್ಕೆ ಕೆಲಸ ಮಾಡಲು ಆಹಾರದಿಂದಲೇ ತೇವ ಬೇಕು, ಒಣ ಬಾರಿನ ಜೊತೆ ಅವು ಸುಮ್ಮನೆ ಕೂರುತ್ತವೆ. ಒಣ ಪದಾರ್ಥಕ್ಕೆ ಆಗುವಂಥದ್ದೇ ಎಂದು ಕೇಳಿ ತನ್ನಿ.

ಬಾರ್ ಕೋಣೆಯ ಬಿಸಿಗೆ ಬರುವ ಮೊದಲು ಸೀಲ್ ಮಾಡಿದರೆ ಒಳಗೆ ಬೆವರುತ್ತದೆ. ತಣ್ಣಗಾಗಲೆಂದು ರಾತ್ರಿಯಿಡೀ ತೆರೆದಿಟ್ಟರೆ ತೇವ ಕುಡಿಯುತ್ತದೆ. ಒಂದು ಗಂಟೆಯೊಳಗೆ, ಸಾಧ್ಯವಾದರೆ ಎಸಿ ಕೋಣೆಯಲ್ಲಿ, ಕೆಲಸ ಮುಗಿಸಿ. ಸೀಲಿನ ಸಾಲಿನಲ್ಲಿ ಒಂದು ಎಳ್ಳುಕಾಳು ಸಿಕ್ಕಿಕೊಂಡರೆ ಫಾಯಿಲ್ ಕವರೂ ವ್ಯರ್ಥ. ಪ್ರತಿ ಬ್ಯಾಚಿನಿಂದ ಐದು ಕವರ್ ತೆಗೆದು ನೀರಲ್ಲಿ ಮುಳುಗಿಸಿ ಒತ್ತಿ, ಗುಳ್ಳೆ ಬಂದರೆ ಸೀಲರಿನ ಬಿಸಿ, ವೇಗ, ಸೀಲಿನ ಸಾಲು ಒರೆಸುವ ಬ್ರಷ್ ಮೂರನ್ನೂ ನೋಡಿ.

ದಿನಾಂಕ ಹಾಕುವ ಮೊದಲು

ಎರಡು ಪಾಕಗಳಲ್ಲಿ ಯಾವುದು ಹೆಚ್ಚು ತೇವ ಎಳೆಯುತ್ತದೆಂದು ಮನೆಯಲ್ಲೇ ನೋಡಬಹುದು. ಅಗಲ ಬಾಯಿಯ ಗಾಜಿನ ಡಬ್ಬದ ತಳದಲ್ಲಿ, ಕರಗದ ಉಪ್ಪು ಕಾಣುವಷ್ಟು ಗಟ್ಟಿಯಾದ ಉಪ್ಪುನೀರಿಡಿ. ಮುಚ್ಚಿದ ಡಬ್ಬದೊಳಗಿನ ತೇವಾಂಶ ಶೇ 75ಕ್ಕೆ ನಿಲ್ಲುತ್ತದೆ. ಸ್ಟೀಲ್ ಜಾಲರಿಯ ಮೇಲೆ ಎರಡೂ ಬಾರುಗಳನ್ನು ಕವರಿಲ್ಲದೆ ಇಟ್ಟು 6, 24, 48 ಗಂಟೆಗೆ 0.01 ಗ್ರಾಂ ತಕ್ಕಡಿಯಲ್ಲಿ ತೂಗಿ. ಕಡಿಮೆ ತೂಕ ಏರಿದ್ದನ್ನು ಆರಿಸಿ.

ಬೇಗ ಫಲಿತಾಂಶ ಬೇಕೆಂದು 40 ಡಿಗ್ರಿಯಲ್ಲಿಟ್ಟು ಪರೀಕ್ಷಿಸುವುದುಂಟು: 10 ಡಿಗ್ರಿ ಏರಿದರೆ ಕೆಡುವ ವೇಗ ಇಮ್ಮಡಿ ಎಂಬ ಲೆಕ್ಕ. ಶೇಂಗಾದ ಕಮಟಿಗೆ ಇದು ಅಂದಾಜು ಕೊಡುತ್ತದೆ. ಬೆಲ್ಲದ ಪಾಕ, ಚಾಕೊಲೇಟಿಗೆ ನಂಬಬೇಡಿ. ಆ ಬಿಸಿಯಲ್ಲಿ ಅವು ಬೇರೆಯೇ ಸ್ಥಿತಿಗೆ ಹೋಗುತ್ತವೆ, ಸಾಮಾನ್ಯ ಕೋಣೆಯಲ್ಲಿ ಎಂದೂ ಆಗದ್ದು ಅಲ್ಲಿ ಆಗುತ್ತದೆ. ಕೊನೆಗೆ ನಿಜವಾದ ಶೆಲ್ಫಿನ ಮೇಲೆ, ನಿಜವಾದ ಮಳೆಗಾಲದಲ್ಲಿ ಇಟ್ಟು ನೋಡುವುದಕ್ಕೆ ಬದಲಿಲ್ಲ.

0, 15, 30, 45, 60, 90ನೇ ದಿನ ತೆಗೆದು ರುಚಿ ನೋಡಿಸಿ. ಹೋಲಿಕೆಗೆ ಮೊದಲ ದಿನದ್ದೇ ಕೆಲವು ಬಾರುಗಳನ್ನು ಫಾಯಿಲ್ ಕವರಿನಲ್ಲಿ ಫ್ರೀಜರಿಗೆ ಹಾಕಿಡಿ. ಹಿಂದಿನ ರಾತ್ರಿ ಹೊರತೆಗೆದು, ಕವರ್ ಬಿಚ್ಚದೆ, ಕೋಣೆಯ ಬಿಸಿಗೆ ಬರಲು ಬಿಡಿ. ಒಂದರಿಂದ 9ರ ಅಂಕದಲ್ಲಿ ಬಣ್ಣ, ವಾಸನೆ, ಮುರಿತ, ರುಚಿ, ಒಟ್ಟಾರೆ ಎಂದು ಬೇರೆ ಬೇರೆ ಕೇಳಿ; ಒಟ್ಟಾರೆ ಸರಾಸರಿ 6ಕ್ಕಿಂತ ಇಳಿದ ದಿನವೇ ಬಾರಿನ ಕೊನೆಯ ದಿನ. ವ್ಯತ್ಯಾಸ ಇದೆಯೋ ಇಲ್ಲವೋ ಎಂಬ ಜಗಳಕ್ಕೆ ತ್ರಿಕೋನ ಪರೀಕ್ಷೆ ಸಾಕು: ಎರಡು ಒಂದೇ ಥರದ್ದು, ಒಂದು ಬೇರೆಯದು, ಮೂರಕ್ಕೂ ಮೂರಂಕಿಯ ಗುರುತು ಹಾಕಿ ಬೇರೆ ಯಾವುದು ಎಂದು ಕೇಳಿ. 12 ಮಂದಿಯಲ್ಲಿ 8 ಜನ ಸರಿಯಾಗಿ ಹಿಡಿದರೆ ವ್ಯತ್ಯಾಸ ನಿಜ. 24 ಮಂದಿಯಾದರೆ 13 ಸಾಕು. ಮನೆಯವರನ್ನೂ ಮಾಡಿದವರನ್ನೂ ಕೂರಿಸಬೇಡಿ, ಅವರಿಗೆ ನಿಮ್ಮ ಬಾರಿನ ಹಳಸು ರೂಢಿಯಾಗಿರುತ್ತದೆ.

ಲ್ಯಾಬಿಗೆ ಕಳಿಸುವಾಗ ಸೂಕ್ಷ್ಮಾಣು ಪರೀಕ್ಷೆಯ ಜೊತೆಗೆ ವಾಟರ್ ಆ್ಯಕ್ಟಿವಿಟಿ ಮತ್ತು ಪೆರಾಕ್ಸೈಡ್ ಮೌಲ್ಯ (ಎಣ್ಣೆ ಗಾಳಿಯೊಡನೆ ಸೇರಿ ಕಮಟತೊಡಗಿದ್ದರ ಅಳತೆ) ಕೇಳಿ ಬರೆಸಿ. ಕಾಳಿನಿಂದ ತೆಗೆದ ಎಣ್ಣೆಯಲ್ಲಿ ಪೆರಾಕ್ಸೈಡ್ 10 ದಾಟಿದ್ದರೆ ಮೂಗಿಗೆ ಇನ್ನೂ ಗೊತ್ತಾಗದಿದ್ದರೂ ದಾರಿ ಹಿಡಿದಾಗಿದೆ ಎಂದರ್ಥ. ಆದರೆ ತೀರಾ ಹಳೆಯ ಮಾಲಿನಲ್ಲಿ ಪೆರಾಕ್ಸೈಡ್ ಒಡೆದು ಅಂಕೆ ಮತ್ತೆ ಇಳಿಯುತ್ತದೆ; ಕಡಿಮೆ ಅಂಕೆ ಕಂಡು ಖುಷಿಪಡುವ ಮೊದಲು ವಾಸನೆ ನೋಡಿ.

ಪರೀಕ್ಷೆಯಲ್ಲಿ 80 ದಿನ ಬಂದರೆ ಲೇಬಲ್ಲಿನಲ್ಲಿ 60 ಬರೆಯಿರಿ. ಅಂಗಡಿಯವರು ಬಾರನ್ನು ಬಿಸಿಲು ಬೀಳುವ ಗಾಜಿನ ಶೋಕೇಸಿನಲ್ಲೇ ಇಡುತ್ತಾರೆ ಎಂದು ಎಣಿಸಿ ಆ 20 ದಿನ ಬಿಟ್ಟಿರುವುದು. ಪ್ರತಿ ಬ್ಯಾಚಿನ ನಾಲ್ಕು ಬಾರನ್ನು ಬ್ಯಾಚ್ ಸಂಖ್ಯೆ ಬರೆದು, ಅಂಗಡಿಯಲ್ಲಿರುವಂಥ ಕಡೆಯೇ, ಲೇಬಲ್ಲಿನ ದಿನಾಂಕ ಮುಗಿದು ಇನ್ನೊಂದು ತಿಂಗಳವರೆಗೆ ತೆಗೆದಿಡಿ. ದೂರು ಬಂದ ದಿನ ಅದೇ ಸಂಖ್ಯೆಯದನ್ನು ಒಡೆದು ತಿಂದರೆ, ತಪ್ಪು ಪಾಕದ್ದೋ, ಸೀಲಿನದ್ದೋ, ಅಂಗಡಿಯದ್ದೋ ಗೊತ್ತಾಗುತ್ತದೆ.